ಹಸುವಿಗೆ ನಾಲ್ಕು ಕಾಲುಗಳಿವೆ, ಮುಂದೇನು? ಪ್ರಾಥಮಿಕ ಶಾಲೆಯ ಮಕ್ಕಳಿಗೆ ವಾಕ್ಯ ಮತ್ತು ಕಥೆ ಬರೆಯಲು ಕಲಿಸುವ ಮಾರ್ಗದರ್ಶಿ

"ಹಸು ಒಂದು ಸಾಕುಪ್ರಾಣಿ. ಹಸುವಿಗೆ ನಾಲ್ಕು ಕಾಲುಗಳಿವೆ. ಹಸುವಿಗೆ ಎರಡು ಕೊಂಬುಗಳಿವೆ. ಹಸು ನಮಗೆ ಹಾಲು ಕೊಡುತ್ತದೆ." ಕನ್ನಡ ಶಾಲೆಯಲ್ಲಿ ಓದಿದ ಬಹುಪಾಲು ಜನ ಈ ವಾಕ್ಯಗಳನ್ನು ಒಮ್ಮೆಯಾದರೂ ಬರೆದಿರುತ್ತಾರೆ. ಇವುಗಳಲ್ಲಿ ವ್ಯಾಕರಣದ ತಪ್ಪಿಲ್ಲ, ಕಾಗುಣಿತದ ತಪ್ಪೂ ಇಲ್ಲ. ಆದರೆ ಬರೆದ ಮಗು ಹಸುವನ್ನು ಎಂದಾದರೂ ಹತ್ತಿರದಿಂದ ನೋಡಿದೆಯೇ ಎಂಬುದು ಮಾತ್ರ ಇವುಗಳಿಂದ ತಿಳಿಯುವುದಿಲ್ಲ. ಅದೇ ಮಗು ಶಾಲೆ ಬಿಟ್ಟ ಮೇಲೆ ಗೆಳೆಯರ ಎದುರು ಹಸು ಹಾಯಲು ಬಂದದ್ದನ್ನು ಕೈಕಾಲು ಆಡಿಸುತ್ತಾ ಹೇಳುವಾಗ ಕೇಳಿಸಿಕೊಂಡರೆ, ಅದಕ್ಕೆ ಭಾಷೆಯ ಕೊರತೆಯೇನೂ ಇಲ್ಲವೆಂಬುದು ಸ್ಪಷ್ಟವಾಗುತ್ತದೆ. ಬರವಣಿಗೆ ಎಂದರೆ ನಾವು ಆಡುವ ಮಾತಿಗೆ ಸಂಬಂಧವಿಲ್ಲದ, ಪುಸ್ತಕದಿಂದ ಇಳಿಸಿಕೊಳ್ಳಬೇಕಾದ ವಸ್ತು ಎಂದು ನಾವೇ ಅದಕ್ಕೆ ಕಲಿಸಿಬಿಟ್ಟಿದ್ದೇವೆ.

ಈ ಮಾರ್ಗದರ್ಶಿಯನ್ನು ಮೂರರಿಂದ ಐದನೇ ತರಗತಿಯವರೆಗಿನ, ಅಂದರೆ ಎಂಟರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಕನ್ನಡ ಕಲಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ. ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬರೆಸುವ ತಂದೆತಾಯಿಯರೂ ಇದನ್ನು ಬಳಸಬಹುದು. ವಾರಕ್ಕೆ ಎರಡು ಅವಧಿ ಸಿಕ್ಕರೆ ಸಾಕು; ಆದರೆ ಒಂದು ತಿಂಗಳಲ್ಲಿ ಫಲ ಕಾಣಬೇಕೆಂಬ ಆತುರ ಬೇಡ. ಉದ್ದಕ್ಕೂ ಒಂದೇ ಉದಾಹರಣೆಯನ್ನು ಬೆಳೆಸಿಕೊಂಡು ಹೋಗಿದ್ದೇನೆ, ಏಕೆಂದರೆ ತರಗತಿಯಲ್ಲೂ ಒಂದೇ ಅನುಭವವನ್ನು ಹಲವು ದಿನ ಕೈಯಲ್ಲಿ ಹಿಡಿದು ತಿರುಗಿಸಿ ನೋಡುವುದೇ ಮಕ್ಕಳಿಗೆ ಹೆಚ್ಚು ಕಲಿಸುತ್ತದೆ.

ಮೊದಲ ಹೆಜ್ಜೆ: ಹೇಳಿಸಿ, ಬಳಿಕ ಬರೆಸಿ

ಪುಸ್ತಕ ತೆಗೆಸುವ ಮೊದಲು ಹತ್ತು ನಿಮಿಷ ಮಾತಾಡಿಸಬೇಕು. "ನಿಮ್ಮ ಮನೆಯ ಬಗ್ಗೆ ಹೇಳಿ" ಎಂಬಂತಹ ಅಗಲವಾದ ಪ್ರಶ್ನೆಗೆ ಮಕ್ಕಳು ಪ್ರಬಂಧದ ಉತ್ತರವನ್ನೇ ಕೊಡುತ್ತಾರೆ. "ನಿನ್ನೆ ಸಂಜೆಯಿಂದ ಇವತ್ತು ಬೆಳಗಿನವರೆಗೆ ನಿಮ್ಮ ಮನೆಯಲ್ಲಿ ಏನಾದರೂ ಮುರಿಯಿತೇ, ಬಿತ್ತೇ, ಕಳೆಯಿತೇ, ಹುಟ್ಟಿತೇ?" ಎಂದು ಕೇಳಿದರೆ ತರಗತಿಯ ಅರ್ಧದಷ್ಟು ಕೈಗಳು ಮೇಲೇಳುತ್ತವೆ. ಹಾಗೆ ಕೇಳಿದಾಗ ಉತ್ತರ ಕರ್ನಾಟಕದ ಹಳ್ಳಿಯ ಹುಡುಗಿಯೊಬ್ಬಳು ಹೀಗೆ ಹೇಳಬಹುದು: "ರಾತ್ರಿ ನಮ್ಮ ಎಮ್ಮಿ ಈದೈತ್ರಿ. ಕರ ಎದ್ದು ನಿಂದ್ರಾಕ ಹೋಗಿ ದಬಕ್ಕನ ಬಿತ್ರಿ!"

ಇದನ್ನೇ ಬರೆ ಎಂದ ಕೂಡಲೇ ಆಕೆಯ ಪುಸ್ತಕದಲ್ಲಿ ಕಾಣಿಸುವುದು ಇದು: "ನಮ್ಮ ಮನೆಯಲ್ಲಿ ಎಮ್ಮೆ ಇದೆ. ಎಮ್ಮೆಗೆ ಕರು ಇದೆ. ಕರು ಚೆನ್ನಾಗಿದೆ." ರಾತ್ರಿ ಹೋಯಿತು, ಏಳುವ ಪ್ರಯತ್ನ ಹೋಯಿತು, ಬಿದ್ದದ್ದೂ ಹೋಯಿತು, ಮೂರು "ಇದೆ"ಗಳು ಮಾತ್ರ ಉಳಿದವು. ಶಿಕ್ಷಕರ ಮುಖ್ಯ ಕೆಲಸವಿರುವುದು ಬಾಯಿಂದ ಬಂದ ವಾಕ್ಯಕ್ಕೂ ಪುಸ್ತಕಕ್ಕೆ ಇಳಿದ ವಾಕ್ಯಕ್ಕೂ ನಡುವಿನ ಈ ಅಂತರದಲ್ಲಿಯೇ.

ಆದ್ದರಿಂದ ಮೊದಲ ಎರಡು ವಾರ ಮಕ್ಕಳು ಹೇಳಿದ್ದನ್ನು ಶಿಕ್ಷಕರೇ ಕಪ್ಪುಹಲಗೆಯ ಮೇಲೆ ಬರೆಯಬೇಕು. ಮಗು ಆಡಿದ ಮಾತನ್ನು ಹೇಗಿದೆಯೋ ಹಾಗೆ ಎಡಗಡೆ ಬರೆದು, "ಇದನ್ನು ಬೇರೆ ಊರಿನವರು ಓದಿದರೆ ಅವರಿಗೂ ತಿಳಿಯುವ ಹಾಗೆ ಹೇಗೆ ಬರೆಯೋಣ?" ಎಂದು ತರಗತಿಯನ್ನು ಕೇಳಿ, ಒಪ್ಪಿದ ರೂಪವನ್ನು ಬಲಗಡೆ ಬರೆಯಬೇಕು: "ಎದ್ದು ನಿಲ್ಲಲು ಹೋದ ಕರು ದಬಕ್ಕನೆ ಬಿತ್ತು." ಎಡಗಡೆಯದನ್ನು ತಪ್ಪು ಎಂದು ಹೊಡೆದುಹಾಕಬಾರದು. ಒಂದು ಮನೆಯ ಭಾಷೆ, ಇನ್ನೊಂದು ಎಲ್ಲರೂ ಓದುವ ಭಾಷೆ ಎಂದು ಹೇಳಿದರೆ ಒಂಬತ್ತು ವರ್ಷದ ಮಗುವಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ತನ್ನ ಮಾತನ್ನು ಒಮ್ಮೆ ನಕ್ಕು ತಿದ್ದಿದರೆ ಆ ಮಗು ವರ್ಷವಿಡೀ "ಇದೆ"ಗಳ ಹಿಂದೆ ಅಡಗಿಕೊಳ್ಳುತ್ತದೆ.

ಎರಡನೇ ಹೆಜ್ಜೆ: ಪದಗಳನ್ನು ನಿಲ್ಲಿಸಿ ವಾಕ್ಯ ಕಟ್ಟಿಸಿ

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಕಲಿತು ಬಂದ ಮಕ್ಕಳಿಗೆ ಕಾರ್ಡು ಹಿಡಿದು ಗುಂಪಿನಲ್ಲಿ ಕೂತು ಕೆಲಸ ಮಾಡುವುದು ಹೊಸದಲ್ಲ. ಆ ಅಭ್ಯಾಸವನ್ನು ನಾಲ್ಕನೇ ತರಗತಿಗೆ ಬಂದ ಕೂಡಲೇ ಬಿಟ್ಟುಬಿಡುವ ಬದಲು ವಾಕ್ಯ ಕಟ್ಟುವ ಕೆಲಸಕ್ಕೆ ತಿರುಗಿಸಿಕೊಳ್ಳಬಹುದು. ಹಳೆಯ ಕ್ಯಾಲೆಂಡರಿನ ಹಿಂಬದಿಯನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ ಒಂದೊಂದರ ಮೇಲೆ ಒಂದೊಂದು ಪದವನ್ನು ಕೊನೆಯ ಸಾಲಿಗೂ ಕಾಣುವಷ್ಟು ದೊಡ್ಡದಾಗಿ ಬರೆಯಿರಿ: ಅಜ್ಜಿ, ನಿನ್ನೆ, ಎಮ್ಮೆಗೆ, ಬೆಲ್ಲ, ತಿನ್ನಿಸಿದಳು. ಐದು ಮಕ್ಕಳು ಒಂದೊಂದು ಪಟ್ಟಿಯನ್ನು ಎದೆಗೆ ಹಿಡಿದು ಸಾಲಾಗಿ ನಿಲ್ಲಲಿ.

ನಿಯಮ ಒಂದೇ: "ತಿನ್ನಿಸಿದಳು" ಹಿಡಿದವರು ಕೊನೆಯ ಜಾಗ ಬಿಟ್ಟು ಕದಲಬಾರದು, ಉಳಿದವರು ಎಲ್ಲಿ ಬೇಕಾದರೂ ನಿಲ್ಲಬಹುದು. "ಅಜ್ಜಿ ನಿನ್ನೆ ಎಮ್ಮೆಗೆ ಬೆಲ್ಲ ತಿನ್ನಿಸಿದಳು" ಎಂದು ಓದಿಸಿದ ಮೇಲೆ ಅಜ್ಜಿಯನ್ನು ಕ್ರಿಯಾಪದದ ಪಕ್ಕಕ್ಕೆ ಕಳುಹಿಸಿ: "ನಿನ್ನೆ ಎಮ್ಮೆಗೆ ಬೆಲ್ಲ ಅಜ್ಜಿ ತಿನ್ನಿಸಿದಳು." ಈಗ ವಾಕ್ಯ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದೆ ಎಂದು ಕೇಳಿದರೆ "ಯಾರು ಅನ್ನೋದಕ್ಕೆ!" ಎಂದು ಮಕ್ಕಳೇ ಹೇಳುತ್ತಾರೆ. "ನಿನ್ನೆ"ಯನ್ನು ಅಲ್ಲಿಗೆ ತಂದರೆ ಉತ್ತರ "ಯಾವಾಗ" ಎಂಬುದಕ್ಕಾಗುತ್ತದೆ. ವಿಭಕ್ತಿ ಪ್ರತ್ಯಯಗಳು ಪದಗಳಿಗೇ ಅಂಟಿಕೊಂಡಿರುವುದರಿಂದ ಕನ್ನಡದಲ್ಲಿ ಪದಗಳು ಜಾಗ ಬದಲಿಸಿದರೂ ಅರ್ಥ ಕೆಡುವುದಿಲ್ಲ, ಒತ್ತು ಮಾತ್ರ ಬದಲಾಗುತ್ತದೆ. ಕ್ರಿಯಾಪದಕ್ಕೆ ತಾಗಿ ನಿಂತ ಪದಕ್ಕೆ ಸಾಮಾನ್ಯವಾಗಿ ಹೆಚ್ಚು ತೂಕ ಬರುತ್ತದೆ. ಈ ಸೂತ್ರವನ್ನು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಬೇಕಾಗಿಲ್ಲ. ಮಕ್ಕಳು ಎರಡು ಬಾರಿ ಜಾಗ ಬದಲಿಸಿ ನಿಂತರೆ ಸಾಕು.

ಮುಂದಿನ ಅವಧಿಯಲ್ಲಿ ಎರಡು ಪುಟ್ಟ ಪಟ್ಟಿಗಳನ್ನು ಸೇರಿಸಿ: "ಏ" ಮತ್ತು "ಊ". "ಅಜ್ಜಿಯೇ ತಿನ್ನಿಸಿದಳು" ಎಂದರೆ ಬೇರೆ ಯಾರೂ ಅಲ್ಲ. "ಅಜ್ಜಿಯೂ ತಿನ್ನಿಸಿದಳು" ಎಂದರೆ ಮೊದಲು ಇನ್ನೊಬ್ಬರು ತಿನ್ನಿಸಿದ್ದರು. "ಎಮ್ಮೆಗೂ" ಎಂದರೆ ಬೆಲ್ಲ ತಿಂದವರು ಇನ್ನೂ ಯಾರೋ ಇದ್ದಾರೆ, ಬಹುಶಃ ಆ ಹುಡುಗಿಯೇ! ಒಂದು ಅಕ್ಷರದಿಂದ ಒಂದು ಪುಟ್ಟ ಕಥೆಯೇ ಹುಟ್ಟುವುದನ್ನು ಕಂಡ ಮಕ್ಕಳು ಈ ಆಟವನ್ನು ಬೇಗ ಬಿಡುವುದಿಲ್ಲ.

ವಾಕ್ಯವನ್ನು ಉದ್ದ ಮಾಡುವುದನ್ನೂ ಇದೇ ಸಾಲಿನಲ್ಲಿ ಕಲಿಸಬಹುದು. "ಕರು ಬಿತ್ತು" ಎಂಬ ಇಬ್ಬರ ಸಾಲಿನಿಂದ ಆರಂಭಿಸಿ ಯಾವ ಕರು, ಎಲ್ಲಿ, ಏನು ಮಾಡಲು ಹೋಗಿ, ಹೇಗೆ ಎಂದು ಕೇಳುತ್ತಾ ಹೋದರೆ, "ಆಗಷ್ಟೇ ಹುಟ್ಟಿದ ಕರು ಕೊಟ್ಟಿಗೆಯ ಒದ್ದೆ ನೆಲದ ಮೇಲೆ ಎದ್ದು ನಿಲ್ಲಲು ಹೋಗಿ ದಬಕ್ಕನೆ ಬಿತ್ತು" ಎಂಬಲ್ಲಿಗೆ ತಲುಪುತ್ತೇವೆ. ಆಮೇಲೆ ಒಬ್ಬೊಬ್ಬರನ್ನೇ ಹಿಂದಕ್ಕೆ ಕಳುಹಿಸಿ, ಯಾರು ಹೋದರೆ ನಷ್ಟ, ಯಾರು ಹೋದರೂ ಚಿಂತೆಯಿಲ್ಲ ಎಂದು ಚರ್ಚಿಸಬೇಕು. ಉದ್ದದ ವಾಕ್ಯವೆಲ್ಲ ಒಳ್ಳೆಯ ವಾಕ್ಯ ಎಂಬ ತಪ್ಪು ತಿಳಿವಳಿಕೆ ಮಕ್ಕಳಿಗಿಂತ ನಮಗೇ ಹೆಚ್ಚು.

ಮೂರನೇ ಹೆಜ್ಜೆ: ಕ್ರಿಯಾಪದಕ್ಕೆ ಕೆಲಸ ಕೊಡಿ

ಮಕ್ಕಳ ಬರಹವನ್ನು "ಚಂದ ಮಾಡಲು" ವಿಶೇಷಣ ಹಚ್ಚಿಸುವ ರೂಢಿ ನಮ್ಮಲ್ಲಿದೆ. ಸುಂದರವಾದ ಬೆಳಗು, ಸುಂದರವಾದ ಹೂವು, ಸುಂದರವಾದ ಊರು. ಹೂವಿನ ಬಣ್ಣ ಯಾವುದು, ಊರಿನಲ್ಲಿ ಏನಿದೆ ಎಂಬುದನ್ನು ಈ ಒಂದು ಪದ ಮುಚ್ಚಿಬಿಡುತ್ತದೆ. ತರಗತಿಯ ಒಂದು ಮೂಲೆಯಲ್ಲಿ "ರಜೆಯ ಮೇಲಿರುವ ಪದಗಳು" ಎಂದು ಹಾಳೆಯೊಂದನ್ನು ಅಂಟಿಸಿ ಸುಂದರ, ಚೆನ್ನಾಗಿ, ತುಂಬಾ, ಒಳ್ಳೆಯ ಎಂಬ ನಾಲ್ಕನ್ನು ಹದಿನೈದು ದಿನ ಅಲ್ಲಿಗೆ ಕಳುಹಿಸಿ. ಮಕ್ಕಳು ಅವುಗಳಿಲ್ಲದೆ ಮೊದಲು ಒದ್ದಾಡುತ್ತಾರೆ, ಬಳಿಕ ನೋಡಲು ಆರಂಭಿಸುತ್ತಾರೆ.

ಅವುಗಳ ಜಾಗದಲ್ಲಿ ಕ್ರಿಯಾಪದಗಳನ್ನು ಬೆಳೆಸಬೇಕು. ಒಬ್ಬ ಹುಡುಗನನ್ನು ಬಾಗಿಲಿನಿಂದ ಮೇಜಿನವರೆಗೆ ಬೇರೆ ಬೇರೆ ರೀತಿ ಬರಲು ಹೇಳಿ, ಉಳಿದವರು ಅವನು ಏನು ಮಾಡಿದ ಎಂದು ಒಂದೇ ಪದದಲ್ಲಿ ಹೇಳಲಿ: ಓಡಿದ, ಕುಂಟಿದ, ತೆವಳಿದ, ನುಸುಳಿದ, ತೂರಾಡಿದ, ಜಿಗಿದ. "ಬಂದ" ಎಂಬ ಪದ ತಪ್ಪೇನಲ್ಲ, ಆದರೆ ಅದರಲ್ಲಿ ಚಿತ್ರವಿಲ್ಲ. ಇದರ ಜೊತೆಗೆ ಕನ್ನಡಕ್ಕೆ ಇನ್ನೊಂದು ಆಸ್ತಿಯಿದೆ: ಅನುಕರಣಾವ್ಯಯಗಳು. ದಬಕ್ಕನೆ, ಸರ್ರನೆ, ಗಳಗಳ, ಪಟಪಟ, ಚುರುಚುರು, ಮಿಣಮಿಣ. ಮಕ್ಕಳ ಮಾತಿನಲ್ಲಿ ಇವು ಧಾರಾಳವಾಗಿವೆ. ಬರೆಯುವಾಗ ಮಾತ್ರ "ಇವೆಲ್ಲ ಬರೆಯುವ ಪದಗಳಲ್ಲ" ಎಂದು ಬಿಟ್ಟುಬಿಡುತ್ತಾರೆ. ಬರೆಯಬಹುದು ಎಂದು ಬಾಯಿಬಿಟ್ಟು ಹೇಳಿ. ಒಂದು ಪುಟಕ್ಕೆ ಎರಡು ಮೂರು ಸಾಕು ಎಂಬುದನ್ನೂ ಹೇಳಿ, ಇಲ್ಲದಿದ್ದರೆ ಮುಂದಿನ ವಾರ ಇಡೀ ತರಗತಿ ದಬದಬ ಎನ್ನುತ್ತಿರುತ್ತದೆ.

ನಾಲ್ಕನೇ ಹೆಜ್ಜೆ: "ಆಮೇಲೆ"ಯಿಂದ ಬಿಡುಗಡೆ

"ನಾನು ಎದ್ದೆ. ಆಮೇಲೆ ಹಲ್ಲುಜ್ಜಿದೆ. ಆಮೇಲೆ ತಿಂಡಿ ತಿಂದೆ. ಆಮೇಲೆ ಶಾಲೆಗೆ ಹೋದೆ." ಇದಕ್ಕೆ ಕನ್ನಡದಲ್ಲೇ ಸಿದ್ಧ ಮದ್ದಿದೆ. "ಎದ್ದು, ಹಲ್ಲುಜ್ಜಿ, ತಿಂಡಿ ತಿಂದು ಶಾಲೆಗೆ ಹೋದೆ" ಎಂದು ಮಕ್ಕಳು ಮಾತಿನಲ್ಲಿ ದಿನವೂ ಹೇಳುತ್ತಲೇ ಇರುತ್ತಾರೆ. ಹಲಗೆಯ ಮೇಲೆ ಎಲ್ಲ "ಆಮೇಲೆ"ಗಳನ್ನು ಒರೆಸಿ, ನಡುವಿನ ಕ್ರಿಯಾಪದಗಳ ಬಾಲ ಕತ್ತರಿಸಿ ಕೊನೆಯದನ್ನು ಮಾತ್ರ ಪೂರ್ತಿ ಉಳಿಸುವುದನ್ನು ತೋರಿಸಿದರೆ ಒಂದೇ ಅವಧಿಯಲ್ಲಿ ಹಿಡಿದುಕೊಳ್ಳುತ್ತಾರೆ.

ಇಲ್ಲಿ ಒಂದು ಗುಂಡಿಯಿದೆ. ಕಲಿತ ಹುರುಪಿನಲ್ಲಿ ಮಕ್ಕಳು "ಅಮ್ಮ ಬಂದು ನಾನು ಊಟ ಮಾಡಿದೆ" ಎಂದು ಬರೆಯುತ್ತಾರೆ. ಬಂದವರು ಅಮ್ಮ, ಉಂಡವಳು ನಾನು. ಕರ್ತೃ ಬೇರೆಯಾದಾಗ "ಬಂದು" ಹೊಂದುವುದಿಲ್ಲ, "ಅಮ್ಮ ಬಂದ ಮೇಲೆ ನಾನು ಊಟ ಮಾಡಿದೆ" ಎನ್ನಬೇಕು. ಜಾಣ ಮಗುವೊಂದು "ಹಾಗಾದರೆ ಮಳೆ ಬಂದು ಕೆರೆ ತುಂಬಿತು ಅನ್ನಬಾರದೇ?" ಎಂದು ಕೇಳೀತು. ಅನ್ನಬಹುದು, ಏಕೆಂದರೆ ಅಲ್ಲಿ ಕೆರೆ ತುಂಬಿದ್ದು ಮಳೆಯಿಂದಲೇ. ಒಂದು ಇನ್ನೊಂದಕ್ಕೆ ಕಾರಣವಾದಾಗ ಕನ್ನಡ ಈ ರಿಯಾಯಿತಿ ಕೊಡುತ್ತದೆ. ಇಂಥ ಪ್ರಶ್ನೆ ಬಂದ ದಿನ ಉಳಿದ ಪಾಠವನ್ನು ಪಕ್ಕಕ್ಕಿಟ್ಟು ಅದರ ಹಿಂದೆ ಹೋಗುವುದು ಲೇಸು.

ಎರಡನೆಯ ಸಾಧನ, ವಾಕ್ಯವೊಂದನ್ನು ಮಡಚಿ ನಾಮಪದದ ಮುಂದೆ ಇಡುವುದು. "ಕರು ಬಿತ್ತು. ಆ ಕರುವನ್ನು ಎಮ್ಮೆ ನೆಕ್ಕಿತು" ಎಂಬುದು "ಬಿದ್ದ ಕರುವನ್ನು ಎಮ್ಮೆ ನೆಕ್ಕಿತು" ಎಂದಾಗುತ್ತದೆ. ಆದರೆ, ಆದರೂ, ಆದ್ದರಿಂದ, ಅಷ್ಟರಲ್ಲಿ ಎಂಬ ಪದಗಳನ್ನು ಒಂದೊಂದಾಗಿ, ವಾರಕ್ಕೆ ಒಂದರಂತೆ ಪರಿಚಯಿಸಿದರೆ ಸಾಕು. ಹೀಗೆ ಜೋಡಿಸಿದ ವಾಕ್ಯ ಅತಿಯಾಯಿತೇ ಎಂದು ತಿಳಿಯಲು ಮಕ್ಕಳು ಅದನ್ನು ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಓದಲಿ. ಉಸಿರು ಸಿಕ್ಕಿಕೊಂಡಲ್ಲಿ ಪೂರ್ಣವಿರಾಮ.

ಐದನೇ ಹೆಜ್ಜೆ: ಕಥೆಗೆ ಒಂದು ಬೇಕು, ಒಂದು ಅಡ್ಡಿ

ಕಥೆ ಬರೆಯಿರಿ ಎಂದರೆ ಮಕ್ಕಳು "ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದನು" ಎಂದು ಆರಂಭಿಸಿ, ಏನೇನೋ ನಡೆಸಿ, ಕೊನೆಗೆ "ನೀತಿ: ಒಗ್ಗಟ್ಟಿನಲ್ಲಿ ಬಲವಿದೆ" ಎಂದು ಮುಗಿಸುತ್ತಾರೆ. ನೀತಿಗೂ ಕಥೆಗೂ ಎಷ್ಟೋ ಬಾರಿ ಸಂಬಂಧವೇ ಇರುವುದಿಲ್ಲ. ಇನ್ನು ಕೆಲವರು ದಾರಿ ತಪ್ಪಿದಾಗ "ಅಷ್ಟರಲ್ಲಿ ಎಚ್ಚರವಾಯಿತು, ಅದೆಲ್ಲ ಕನಸು" ಎಂದು ಕೈತೊಳೆದುಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಒಂದು ಇಡೀ ವರ್ಷ ನೀತಿ ಬರೆಯುವುದನ್ನೂ ಕನಸಿನಿಂದ ಏಳುವುದನ್ನೂ ನಿಷೇಧಿಸಿದರೆ ಮಕ್ಕಳ ಕಥೆಗಳಿಗೆ ಒಳಿತೇ ಆಗುತ್ತದೆ.

ಎಲ್ಲರಿಗೂ ಗೊತ್ತಿರುವ ಬಾಯಾರಿದ ಕಾಗೆಯ ಕಥೆಯನ್ನು ಬಿಡಿಸಿ ತೋರಿಸಿ. ಕಾಗೆಗೆ ಏನು ಬೇಕು? ನೀರು. ಅಡ್ಡಿ ಏನು? ನೀರು ತಳದಲ್ಲಿದೆ, ಕೊಕ್ಕು ನಿಲುಕುವುದಿಲ್ಲ. ಏನು ಮಾಡಿತು, ಕೊನೆಗೆ ಏನು ಬದಲಾಯಿತು? ಹೂಜಿ ತುಂಬಾ ನೀರಿದ್ದಿದ್ದರೆ ಕಥೆ ಇರುತ್ತಿತ್ತೇ ಎಂದು ಕೇಳಿದರೆ ಮಕ್ಕಳು ನಗುತ್ತಾರೆ. ಆ ನಗುವಿನಲ್ಲಿಯೇ ಪಾಠ ಮುಗಿದಿರುತ್ತದೆ. ಹಾಳೆಯನ್ನು ನಾಲ್ಕಾಗಿ ಮಡಚಿ, ನಾಲ್ಕು ಮನೆಗಳಲ್ಲಿ ಈ ನಾಲ್ಕು ಉತ್ತರಗಳನ್ನು ಚಿತ್ರವಾಗಿಯೋ ಎರಡೆರಡು ಪದಗಳಾಗಿಯೋ ಹಾಕಿಸಿದ ಮೇಲೆಯೇ ಕಥೆ ಬರೆಸಬೇಕು.

ನಮ್ಮ ಹುಡುಗಿಯ ಎಮ್ಮೆಯ ಕಡೆಗೆ ಮರಳೋಣ. ಕರುವಿಗೆ ಏಳಬೇಕು, ಏಳಲಾಗುತ್ತಿಲ್ಲ. ಅಷ್ಟಕ್ಕೇ ಒಂದು ಕಥೆಯಾಗುತ್ತದೆ. ಆದರೆ "ಆಗ ನೀನು ಏನು ಮಾಡಿದೆ?" ಎಂದು ಕೇಳಿದಾಗ ಇನ್ನೂ ಒಳ್ಳೆಯದೊಂದು ಹೊರಬರುತ್ತದೆ: ಆಕೆ ಎತ್ತಲು ಹೋದಳು, ಅಜ್ಜಿ ಬಿಡಲಿಲ್ಲ. ಈಗ ಬೇಕು-ಅಡ್ಡಿ ಎರಡೂ ಆಕೆಯದೇ. ಇಂಥ ಪ್ರಶ್ನೆ ಕೇಳುವುದೇ ಕಥೆ ಕಲಿಸುವವರ ಅರ್ಧ ಕೆಲಸ.

ಉಳಿದರ್ಧ, ನಿಧಾನಿಸುವುದನ್ನು ಕಲಿಸುವುದು. ಮಕ್ಕಳು ಬೆಳಗಿನಿಂದ ರಾತ್ರಿಯವರೆಗೆ ಒಂದೇ ವೇಗದಲ್ಲಿ ಓಡುತ್ತಾರೆ. ಹಲ್ಲುಜ್ಜಿದ್ದಕ್ಕೂ ಹಾವು ಕಂಡದ್ದಕ್ಕೂ ಒಂದೊಂದೇ ವಾಕ್ಯ. ಕಥೆಯಲ್ಲಿ ಎದೆ ಹೊಡೆದುಕೊಂಡ ಜಾಗ ಯಾವುದು ಎಂದು ಕೇಳಿ, ಅಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡಿಸಿ, ಆ ಒಂದು ಗಳಿಗೆಗೆ ಐದು ವಾಕ್ಯ ಬರೆಸಬೇಕು. ಏನು ಕಂಡಿತು, ಏನು ಕೇಳಿಸಿತು, ಯಾವ ವಾಸನೆ ಬಂತು, ಕೈ ಎಲ್ಲಿತ್ತು? ಹಾಗೆ ಬರೆಸಿದಾಗ ಬರುವುದು ಇಂಥದ್ದು:

"ಕರು ಮೊದಲು ಹಿಂಗಾಲು ಊರಿತು. ಅದರ ಹಿಂಭಾಗ ಮೇಲೆ ಬಂತು, ಮುಂಗಾಲು ಮಡಚಿಕೊಂಡೇ ಇತ್ತು. ನಾನು ಎತ್ತಲು ಬಗ್ಗಿದೆ. 'ಮುಟ್ಟಬ್ಯಾಡ, ತಾನ ಏಳ್ತದ' ಎಂದು ಅಜ್ಜಿ ನನ್ನ ಕೈ ಹಿಡಿದಳು. ಅಜ್ಜಿಯ ಕೈಗೆ ಬೆಲ್ಲ ಅಂಟಿತ್ತು. ಕರು ಮತ್ತೆ ದಬಕ್ಕನೆ ಬಿತ್ತು."

ಇಲ್ಲಿ ಗಮನಿಸಬೇಕಾದ ಸಂಗತಿ, ಅಜ್ಜಿಯ ಮಾತು ಅಜ್ಜಿಯ ಭಾಷೆಯಲ್ಲಿಯೇ ಇದೆ. ನಿರೂಪಣೆ ಬರಹದ ಕನ್ನಡದಲ್ಲಿರಲಿ, ಸಂಭಾಷಣೆ ಆಯಾ ಊರಿನ ಮಾತಿನಲ್ಲಿರಲಿ. ಉದ್ಧರಣ ಚಿಹ್ನೆಯೇ ಅವೆರಡರ ನಡುವಿನ ಬೇಲಿ. ಕಾಲದ ವಿಷಯದಲ್ಲಿ ಮಾತ್ರ ಬಿಗಿಯಾಗಿರಬೇಕು. "ಬಗ್ಗಿದೆ" ಎಂದು ಆರಂಭಿಸಿದ ಕಥೆ ನಡುವೆ "ಬಗ್ಗುತ್ತೇನೆ" ಎಂದು ತಿರುಗಿದರೆ, ಮೊದಲ ಪುಟದ ಕ್ರಿಯಾಪದಗಳಿಗೆಲ್ಲ ಅಡಿಗೆರೆ ಹಾಕಿಸಿ ಮಗುವೇ ಹೋಲಿಸಿ ನೋಡುವಂತೆ ಮಾಡಿ.

ಆರನೇ ಹೆಜ್ಜೆ: ಕೆಂಪು ಪೆನ್ನನ್ನು ತಡವಾಗಿ ತೆಗೆಯಿರಿ

ಮೊದಲ ಕರಡಿನಲ್ಲಿ ಆ ಹುಡುಗಿ ಎಮ್ಮೆಯನ್ನು "ಯೆಮ್ಮೆ" ಎಂದೂ ಅಜ್ಜಿಯನ್ನು "ಅಜಿ" ಎಂದೂ ಬರೆದಿರಬಹುದು. ಮಂಡ್ಯ, ಮೈಸೂರಿನ ಕಡೆಯ ಮಗುವಾದರೆ "ಹಾಡು" ಎಂಬಲ್ಲಿ "ಆಡು" ಬಂದಿರುತ್ತದೆ. ಇವನ್ನು ತಿದ್ದಲೇಬೇಕು, ಆದರೆ ಕೊನೆಯಲ್ಲಿ. ಮೊದಲ ಓದಿನಲ್ಲಿಯೇ ಹನ್ನೆರಡು ಕೆಂಪು ಗುರುತು ಕಂಡ ಮಗು ಮುಂದಿನ ಬಾರಿ ತನಗೆ ಕಾಗುಣಿತ ಗೊತ್ತಿರುವ ಪದಗಳನ್ನು ಮಾತ್ರ ಬಳಸುತ್ತದೆ, ಅಂದರೆ ಹಸುವಿನ ನಾಲ್ಕು ಕಾಲುಗಳಿಗೆ ಮರಳುತ್ತದೆ.

ಪುಸ್ತಕದ ಬಲಪುಟದಲ್ಲಿ ಬರೆಸಿ, ಎಡಪುಟವನ್ನು ತಿದ್ದುಪಡಿಗೆ ಖಾಲಿ ಬಿಡಿಸಿ. ಮೊದಲ ಓದಿನಲ್ಲಿ ಶಿಕ್ಷಕರು ಒಂದು ಪ್ರಶ್ನೆ ಮಾತ್ರ ಬರೆಯಲಿ: "ಅಜ್ಜಿ ಎಲ್ಲಿ ಕೂತಿದ್ದಳು?" ಎರಡನೆಯ ಓದಿನಲ್ಲಿ ವಾಕ್ಯ ಜೋಡಣೆ. ಮೂರನೆಯದರಲ್ಲಿ ಕಾಗುಣಿತ, ಒತ್ತಕ್ಷರ, ಚಿಹ್ನೆ. ಅದೂ ಪುಟಕ್ಕೆ ಮೂರು ತಪ್ಪು ಮಾತ್ರ, ಹೆಚ್ಚು ಬಾರಿ ಮರುಕಳಿಸುವಂಥವು. ಇಪ್ಪತ್ತೈದು ಮಕ್ಕಳ ತರಗತಿಯಲ್ಲಿ ಇದೆಲ್ಲ ಆಗದ ಕೆಲಸ ಎನ್ನಿಸಬಹುದು. ದಿನಕ್ಕೆ ಐದು ಪುಸ್ತಕದಂತೆ ಓದಿದರೆ ಐದು ದಿನದಲ್ಲಿ ಒಂದು ಸುತ್ತು ಮುಗಿಯುತ್ತದೆ. ಉಳಿದವರು ಇಬ್ಬಿಬ್ಬರಾಗಿ ಪರಸ್ಪರ ಗಟ್ಟಿಯಾಗಿ ಓದಿಕೊಳ್ಳಲಿ. ಕಣ್ಣಿಗೆ ಕಾಣದ ತಪ್ಪು ಕಿವಿಗೆ ಕೇಳಿಸುತ್ತದೆ. ರೂಪಣಾತ್ಮಕ ಮೌಲ್ಯಮಾಪನಕ್ಕೆ, ಅಂದರೆ ಕಲಿಕೆಯ ನಡುನಡುವೆ ಮಾಡುವ ಮೌಲ್ಯಮಾಪನಕ್ಕೆ, ಅಂಕ ಕೊಡುವಾಗ ಮೊದಲ ಕರಡನ್ನೂ ಕೊನೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಮಗು ಎಷ್ಟು ದೂರ ನಡೆಯಿತು ಎಂಬುದು ಆ ಎರಡು ಪುಟಗಳಲ್ಲಿಯೇ ಕಾಣುತ್ತದೆ.

ಮನೆಮಾತು ಬೇರೆಯಾದವರು

ತರಗತಿಯಲ್ಲಿ ಉರ್ದು, ತೆಲುಗು, ತುಳು, ಲಂಬಾಣಿ, ಕೊಂಕಣಿ ಮನೆಮಾತಿನ ಮಕ್ಕಳಿರುತ್ತಾರೆ. ಅವರ ತಪ್ಪುಗಳಿಗೆ ಹೆಚ್ಚಾಗಿ ಕಾರಣವಿರುತ್ತದೆ. ತೆಲುಗಿನಲ್ಲಿ ಏಕವಚನದಲ್ಲಿ ಹೆಂಗಸಿಗೂ ವಸ್ತುವಿಗೂ ಒಂದೇ ಕ್ರಿಯಾರೂಪ, ಆದ್ದರಿಂದ "ಅಕ್ಕ ಬಂತು" ಎಂದು ಬರೆಯುವುದು ಸಹಜ. ಉರ್ದುವಿನಲ್ಲಿ ಕುರ್ಚಿಗೂ ಲಿಂಗವಿದೆ, ಆದ್ದರಿಂದ ನಿರ್ಜೀವ ವಸ್ತುವನ್ನು "ಅದು" ಎನ್ನಲು ಕೆಲವರಿಗೆ ಸಮಯ ಬೇಕಾಗುತ್ತದೆ. "ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಹೇಳುತ್ತೀರಿ?" ಎಂದು ಕೇಳಿ, ಎರಡನ್ನೂ ಹಲಗೆಯ ಮೇಲೆ ಪಕ್ಕಪಕ್ಕ ಬರೆದರೆ ಮಗುವಿಗೆ ತನ್ನ ತಪ್ಪಿನ ಮೂಲ ತಾನೇ ಕಾಣುತ್ತದೆ. ಇನ್ನೂ ಬರೆಯಲು ಬಾರದ ಮಕ್ಕಳು ಹೇಳಲಿ, ಶಿಕ್ಷಕರೋ ದೊಡ್ಡ ತರಗತಿಯವರೋ ಬರೆದುಕೊಡಲಿ. ತಾನು ಹೇಳಿದ ಮೂರು ವಾಕ್ಯವನ್ನು ತಾನೇ ನಕಲು ಮಾಡುವುದು ಪಾಠದ ಮೂರು ವಾಕ್ಯ ನಕಲು ಮಾಡುವುದಕ್ಕಿಂತ ಹೆಚ್ಚು ಫಲಕಾರಿ. ಹೊರದೇಶಗಳಲ್ಲಿ ವಾರಾಂತ್ಯದಲ್ಲಿ ಕನ್ನಡ ಕಲಿಯುವ ಮಕ್ಕಳಿಗೂ ಇದೇ ದಾರಿ: ಊರಿನ ಅಜ್ಜಿಯೊಡನೆ ಫೋನಿನಲ್ಲಿ ಮಾತಾಡಿದ್ದೇ ಅವರ ಮೊದಲ ಬರಹವಾಗಲಿ.

ಕೊನೆಯ ಹೆಜ್ಜೆ: ಓದುಗರನ್ನು ಒದಗಿಸಿ

ಶಿಕ್ಷಕರೊಬ್ಬರೇ ಓದುವ ಬರಹಕ್ಕೆ ಮಕ್ಕಳು ಹೆಚ್ಚು ಶ್ರಮ ಹಾಕುವುದಿಲ್ಲ. ವರಾಂಡದಲ್ಲಿ ಗೋಡೆ ಪತ್ರಿಕೆಯೊಂದನ್ನು ಆರಂಭಿಸಿ. ಒಂದು ಹಳೆಯ ರಟ್ಟು, ಗುಂಡುಪಿನ್ನು, ಹದಿನೈದು ದಿನಕ್ಕೊಮ್ಮೆ ಬದಲಾಗುವ ಆರು ಕಥೆಗಳು ಸಾಕು. ಕೈಬರಹ ಅಚ್ಚುಕಟ್ಟಾಗಿರುವ ಮಕ್ಕಳದ್ದೇ ಪ್ರತಿ ಬಾರಿ ಏರದಂತೆ ಹಾಜರಿ ಪಟ್ಟಿಯ ಕ್ರಮದಲ್ಲಿ ಎಲ್ಲರ ಸರದಿ ಬರಲಿ. ಮಗುವಿನ ಕಥೆಯನ್ನು ದೊಡ್ಡವರು ಪುನಃ ಬರೆದು ಹಾಕಬಾರದು. ಪ್ರತಿಭಾ ಕಾರಂಜಿಯ ಕಥೆ ಹೇಳುವ ಸ್ಪರ್ಧೆಗೆ ದೊಡ್ಡವರು ಬರೆದುಕೊಟ್ಟು ಬಾಯಿಪಾಠ ಮಾಡಿಸಿದ ಕಥೆ ಎರಡನೆಯ ವಾಕ್ಯಕ್ಕೇ ಗೊತ್ತಾಗಿಬಿಡುತ್ತದೆ. ಗೋಡೆಯಿಂದ ಇಳಿಸಿದ ಹಾಳೆಗಳನ್ನು ಎಸೆಯದೆ ದಾರ ಪೋಣಿಸಿ ಹೊಲಿದು, ರಟ್ಟು ಹಾಕಿ, ಓದುವ ಮೂಲೆಯಲ್ಲಿ ಇಡಿ. ಮುಂದಿನ ವರ್ಷ ಮೂರನೇ ತರಗತಿಗೆ ಬರುವವರು ಬಿಡುವಿನ ವೇಳೆಯಲ್ಲಿ ಅದನ್ನು ತೆಗೆದು, "ಈ ಎಮ್ಮೆ ನಮ್ಮ ಓಣಿಯದೇ, ನಾನೂ ನೋಡಿದ್ದೆ" ಎಂದು ಹೇಳಿದಾಗ, ಅವರ ಕೈಗೆ ಪೆನ್ಸಿಲ್ ಕೊಟ್ಟು "ನೀನು ಏನು ನೋಡಿದೆ, ಹೇಳು" ಎನ್ನಬಹುದು.